ಮೂರೇ ಮಿಲಿಮೀಟರ್!

ಹೊಸ ಪ್ರೊಗ್ರೆಸಿವ್ ಕನ್ನಡಕ ಬಂದಾಗಿನಿಂದ ಅಪ್ಪ ಗದ್ದ ಮೇಲೆತ್ತಿಯೇ ಪೇಪರ್ ಓದುತ್ತಿದ್ದರು. ಕತ್ತು ನೋವು ಬೇರೆ. ನಂಬರೇ ತಪ್ಪಿರಬೇಕು ಅನ್ನಿಸಿತು. ಹಳೇ ಪುಸ್ತಕಕ್ಕೆಂದು ಅವೆನ್ಯೂ ರಸ್ತೆಗೆ ಹೊರಟವನು ಅವರನ್ನೂ ಕರೆದುಕೊಂಡು ಅಲ್ಲಿನ ಕನ್ನಡಕದಂಗಡಿಗೆ ಹೋದೆ.

ಅಂಗಡಿಯವರು ಲೆನ್ಸಿನ ಮೇಲೆ ಉಸಿರು ಊದಿದರು. 34 ಮಿ.ಮೀ. ಅಂತರದಲ್ಲಿ ಎರಡು ಸಣ್ಣ ಗುರುತು ಮೂಡಿದವು. ಒಂದರ ಕೆಳಗೆ 20. ಅಂದರೆ ಓದಲು 2.00 ಹೆಚ್ಚುವರಿ ಪವರ್. ನಮ್ಮ ಲ್ಯಾಬಿನ ಲೆನ್ಸಿಗೆ ಒಂದೇ ಫೋಕಲ್ ಲೆಂಗ್ತ್. ಇಲ್ಲಿ ಕೆಳಗಿಳಿದಂತೆ ಪವರ್ ಏರುತ್ತದೆ, ಎಲ್ಲೆಂದರಲ್ಲಿ ಅಳೆಯುವಂತಿಲ್ಲ. ಆ ಗುರುತುಗಳಿಂದ ದೂರದ ಜಾಗ, ಓದುವ ಜಾಗ ಹುಡುಕಿ ಎರಡನ್ನೂ ಲೆನ್ಸೋಮೀಟರಿನಲ್ಲಿ ನೋಡಿದರು. ವ್ಯತ್ಯಾಸ ಸರಿಯಾಗಿ 2.00.

ನಂಬರ್ ಸರಿಯೇ ಇತ್ತು! ಲೆನ್ಸಿನ ಮೇಲೆ ಪೆನ್ನಿನಲ್ಲಿ ಪ್ಲಸ್ ಗುರುತು ಹಾಕಿ ಅಪ್ಪನಿಗೆ ತೊಡಿಸಿದರೆ, ಅದು ಕಣ್ಣಪಾಪೆಗಿಂತ 3 ಮಿ.ಮೀ. ಕೆಳಗೆ. ಮೂಗಿನ ಪ್ಯಾಡ್ ಒಳಕ್ಕೆ ಬಗ್ಗಿಸಿ ಫ್ರೇಮ್ ಎತ್ತರಿಸಿದರು.

ಅಪ್ಪ ಗದ್ದ ಎತ್ತದೆ ನನ್ನ ಪುಸ್ತಕದ ಬೆಲೆ ಓದಿದರು: 'ಹಳೇದಕ್ಕೆ ಇಷ್ಟಾ?'