ದೊಡ್ಡ ಬ್ಯಾಂಕಿನಲ್ಲಿ ಗುತ್ತಿಗೆಯ ಕೆಲಸ

ನಮ್ಮ ಶಾಲೆಯಿಂದ ಹೊರಬಂದ ಸೋದರಿಯರಲ್ಲಿ ಅನೇಕರು ಈಗ ಬೆಂಗಳೂರಿನ ದೊಡ್ಡ ಬ್ಯಾಂಕುಗಳ ಕಚೇರಿಗಳಲ್ಲಿ ದುಡಿಯುತ್ತಿರುವರು. ಮಗಳು ಬ್ಯಾಂಕಿನಲ್ಲಿದ್ದಾಳೆಂದು ತಾಯಿತಂದೆಗಳು ನೆರೆಹೊರೆಯವರಿಗೆ ಸಂತೋಷದಿಂದ ಹೇಳಿಕೊಳ್ಳುವುದೂ ಉಂಟು. ಆದರೆ ಬ್ಯಾಂಕಿನ ಬಾಗಿಲೊಳಗೆ ಕೆಲಸಮಾಡುವವರೆಲ್ಲರೂ ಬ್ಯಾಂಕಿನ ನೌಕರರಲ್ಲ. ಹಳೇ ವಿದ್ಯಾರ್ಥಿನಿಯರಾದ ನಾವು ಮೂವರು ಅಂಥ ಒಂದು ಬ್ಯಾಂಕಿನ ಕಂಪ್ಯೂಟರು ವಿಭಾಗದಲ್ಲಿ ಕೆಲವು ವರ್ಷ ಗುತ್ತಿಗೆಯ ಮೇಲೆ ಕೆಲಸಮಾಡಿದವರಾದ ಕಾರಣ, ಆ ಕೆಲಸದ ಸ್ವರೂಪವೇನು, ಅದನ್ನು ಒಪ್ಪಿಕೊಳ್ಳುವ ಮುಂಚೆ ತಿಳಿದಿರತಕ್ಕ ಸಂಗತಿಗಳು ಯಾವುವು ಎಂಬುದನ್ನು ಇಲ್ಲಿ ಸಂಕ್ಷೇಪವಾಗಿ ವಿವರಿಸುತ್ತೇವೆ.

ಗುತ್ತಿಗೆಯ ಕ್ರಮವು ಹೀಗಿದೆ: ಬ್ಯಾಂಕು ತನಗೆ ಬೇಕಾದ ಕೆಲಸವನ್ನು ಒಂದು ಕಂಪೆನಿಗೆ ವಹಿಸುವುದು, ಆ ಕಂಪೆನಿಯು ಕೆಲಸಗಾರರನ್ನು ನೇಮಿಸಿ ಬ್ಯಾಂಕಿಗೆ ಕಳುಹಿಸುವುದು. ಕೆಲವು ವೇಳೆ ಇವೆರಡರ ನಡುವೆ ಇನ್ನೊಂದು ಕಂಪೆನಿಯೂ ಇರುವುದುಂಟು. ಇಂದು ಏನು ಮಾಡಬೇಕೆಂದು ಹೇಳುವವರು ಬ್ಯಾಂಕಿನ ಅಧಿಕಾರಿಗಳು. ನೇಮಕದ ಪತ್ರ, ಸಂಬಳ, ರಜೆ ಇವುಗಳನ್ನು ಕೊಡುವವರು ಕಂಪೆನಿಯವರು. ಬ್ಯಾಂಕು ಕೊಡುವ ಹಣದಲ್ಲಿ ಕಂಪೆನಿಯು ತನ್ನ ಭಾಗವನ್ನು ಇಟ್ಟುಕೊಂಡು, ಉಳಿದದ್ದರಲ್ಲಿ ಸಂಬಳ ಕೊಡುವುದು. ಹೀಗೆ ಒಬ್ಬಳಿಗೆ ಇಬ್ಬರು ಯಜಮಾನರು.

ನಮ್ಮ ಪಾಲಿಗೆ ಬಂದದ್ದು ಪರೀಕ್ಷಿಸುವ ಕೆಲಸ. ಹಿಂದೆ ಪ್ರತಿಯೊಂದು ಶಾಖೆಯಲ್ಲಿಯೂ ದಪ್ಪ ಲೆಡ್ಜರು ಪುಸ್ತಕಗಳಿದ್ದವು. ಈಗ ಎಲ್ಲಾ ಶಾಖೆಗಳ ಲೆಕ್ಕವೂ ಒಂದೇ ಕಂಪ್ಯೂಟರು ವ್ಯವಸ್ಥೆಯಲ್ಲಿ ಸೇರಿದೆ. ಅದರಲ್ಲಿ ಎಷ್ಟು ಚಿಕ್ಕ ಮಾರ್ಪಾಟನ್ನು ಮಾಡುವುದಾದರೂ ಮೊದಲು ಕೃತಕ ಖಾತೆಗಳ ಮೇಲೆ ಪ್ರಯೋಗಿಸಿ ನೋಡಬೇಕು. ಉದಾಹರಣೆಗೆ, ಉಳಿತಾಯ ಖಾತೆಯ ಬಡ್ಡಿಯನ್ನು 2010ನೆಯ ಇಸವಿ ಎಪ್ರಿಲ್ 1ರಿಂದ ಪ್ರತಿದಿನದ ಶಿಲ್ಕಿನ ಮೇಲೆ ಲೆಕ್ಕಹಾಕಬೇಕಾಗಿದೆ. ಅದಕ್ಕೆ ಮುಂಚೆ ತಿಂಗಳ 10ನೆಯ ತಾರೀಕಿನಿಂದ ಕಡೇ ದಿನದ ವರೆಗೆ ಇದ್ದ ಅತಿ ಕಡಮೆ ಶಿಲ್ಕಿಗೆ ಮಾತ್ರ ಬಡ್ಡಿ ಸಲ್ಲುತ್ತಿತ್ತು. ಇಂಥ ಲೆಕ್ಕದಲ್ಲಿ ಒಂದು ಪೈಸೆ ತಪ್ಪಿದರೂ ಅದು ಲಕ್ಷಾಂತರ ಖಾತೆಗಳಲ್ಲಿ ತಪ್ಪುವುದು. ಆದುದರಿಂದ ನಾವು ಕಾಗದದ ಮೇಲೆ ಲೆಕ್ಕಮಾಡಿ ಯಂತ್ರದ ಉತ್ತರದೊಂದಿಗೆ ಹೋಲಿಸುತ್ತಿದ್ದೆವು. ಈ ಶಾಲೆಯಲ್ಲಿ ಕಲಿತ ಬಡ್ಡಿಯ ಲೆಕ್ಕವು ಅಲ್ಲಿ ನಮ್ಮ ಕೈಬಿಡಲಿಲ್ಲ.

ಒಪ್ಪಿಗೆಯಾದ ಮಾರ್ಪಾಟನ್ನು ವ್ಯವಹಾರ ಕಡಮೆಯಿರುವ ರಾತ್ರಿವೇಳೆಯಲ್ಲಿ ಜಾರಿಗೆ ತರುವರು. ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ಹಣ ಕಳುಹಿಸುವ ನೆಫ್ಟ್ ಏರ್ಪಾಟು 2019ರ ಡಿಸೆಂಬರಿನಿಂದಲೂ, ದೊಡ್ಡ ಮೊತ್ತಗಳ ಆರ್‌ಟಿಜಿಎಸ್ ಏರ್ಪಾಟು 2020ರ ಡಿಸೆಂಬರಿನಿಂದಲೂ ಹಗಲಿರುಳು ನಡೆಯುತ್ತಿರುವುದರಿಂದ, ಬ್ಯಾಂಕಿಗೆ ಈಗ ನಿದ್ರೆಯ ಹೊತ್ತೆಂಬುದೇ ಇಲ್ಲ. ನಮ್ಮ ವಿಭಾಗದಲ್ಲಿ ಶನಿವಾರ ರಾತ್ರಿ ಎಚ್ಚರವಿದ್ದು ಕಾಯುತ್ತಿದ್ದವರಲ್ಲಿ ಗುತ್ತಿಗೆಯವರೇ ಹೆಚ್ಚು.

ಕೆಲಸವು ಒಂದೇ ಆಗಿದ್ದರೂ ಸ್ಥಾನದಲ್ಲಿ ಭೇದವುಂಟು. ನಮ್ಮ ಕೊರಳಲ್ಲಿದ್ದ ಗುರುತುಚೀಟಿಯ ಪಟ್ಟಿಯ ಬಣ್ಣ ಬೇರೆ. ಅದನ್ನು ಕಂಡೊಡನೆ ಇವಳು ಹೊರಗಿನವಳೆಂದು ಎಲ್ಲರೂ ಅರಿಯುತ್ತಿದ್ದರು. ವರ್ಷದ ಬಹುಮಾನದ ಹಣವಾಗಲಿ ಬಡ್ತಿಯಾಗಲಿ ನಮಗೆ ಇರಲಿಲ್ಲ. ನಮ್ಮಲ್ಲೊಬ್ಬಳಿಗೆ ಒಂದು ಶುಕ್ರವಾರ ಸಾಯಂಕಾಲ ಕೆಲಸ ತೀರಿತೆಂದು ಹೇಳಿದರು. ಸೋಮವಾರ ತನ್ನ ಮೇಜಿನಲ್ಲಿದ್ದ ವಸ್ತುಗಳನ್ನು ತರಲು ಹೋದಾಗ ಅವಳ ಚೀಟಿಗೆ ಬಾಗಿಲು ತೆರೆಯಲಿಲ್ಲ. ಬ್ಯಾಂಕಿನಿಂದ ಹಣ ಬಂದಿಲ್ಲವೆಂಬ ನೆವದಿಂದ ಕಂಪೆನಿಯು ಕಡೇ ತಿಂಗಳ ಸಂಬಳವನ್ನೂ ತಡೆಹಿಡಿಯಿತು. ಊರಿನಲ್ಲಿ ಅವಳ ತಂದೆಯವರು ಆ ಸಂಬಳವನ್ನು ನಂಬಿ ಮನೆ ಕಟ್ಟಲು ಸಾಲ ಮಾಡಿದ್ದರು.

ಆಗ ನಾವು ಕಾನೂನನ್ನು ವಿಚಾರಿಸಿದೆವು. ಕಂಟ್ರಾಕ್ಟರನು ಸಂಬಳ ಕೊಡದೆಹೋದರೆ, ಕೆಲಸ ಮಾಡಿಸಿಕೊಂಡ ಸಂಸ್ಥೆಯೇ ಅದನ್ನು ಕೊಟ್ಟು ಬಳಿಕ ಅವನಿಂದ ವಸೂಲು ಮಾಡಿಕೊಳ್ಳತಕ್ಕದ್ದೆಂದು 1970ರ ಗುತ್ತಿಗೆ ಕಾರ್ಮಿಕರ ಕಾನೂನಿನಲ್ಲಿತ್ತು. 2025ರ ನವೆಂಬರಿನಲ್ಲಿ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿಯೂ ಈ ಹೊಣೆಯು ಉಳಿದಿದೆ. ಇದನ್ನು ತಿಳಿಸಿ ಬ್ಯಾಂಕಿನ ಅಧಿಕಾರಿಗಳಿಗೆ ಪತ್ರ ಬರೆದ ಮೇಲೆ ಸಂಬಳವು ಕೈಸೇರಿತು. ಕೆಲಸ ಮಾತ್ರ ಮರಳಿ ಬರಲಿಲ್ಲ. ಯಾಕಂದರೆ ಸರಕಾರವು ಒಂದು ಕೆಲಸದಲ್ಲಿ ಗುತ್ತಿಗೆಯ ಪದ್ಧತಿಯನ್ನು ನಿಷೇಧಿಸಿದರೂ, ಅಲ್ಲಿನ ಕೆಲಸಗಾರರು ತಾವಾಗಿಯೇ ಮುಖ್ಯ ಸಂಸ್ಥೆಯ ನೌಕರರಾಗುವುದಿಲ್ಲವೆಂದು ಸುಪ್ರೀಂ ಕೋರ್ಟು 2001ರಲ್ಲಿ ತೀರ್ಮಾನಿಸಿದೆ.

ಹೆಣ್ಣುಮಕ್ಕಳು ವಿಶೇಷವಾಗಿ ತಿಳಿದಿರಬೇಕಾದ ಎರಡು ಸಂಗತಿಗಳುಂಟು. ಕೆಲಸದ ಸ್ಥಳದಲ್ಲಿ ಹೆಂಗಸರ ಮೇಲಾಗುವ ಲೈಂಗಿಕ ಕಿರುಕುಳವನ್ನು ತಡೆಯುವ 2013ರ ಕಾನೂನು ಕಂಟ್ರಾಕ್ಟರನ ಮೂಲಕ ಬಂದವಳನ್ನೂ ಒಳಗೊಂಡಿದೆ. ಅವಳು ಮೂರು ತಿಂಗಳೊಳಗೆ ಆ ಕಚೇರಿಯ ಆಂತರಿಕ ಸಮಿತಿಗೆ ದೂರು ಕೊಡಬಹುದು. ಹೆರಿಗೆಯ ಸೌಲಭ್ಯವು ಖಾಯಂ ನೌಕರಳಿಗೆ ಮಾತ್ರವಲ್ಲ, ದಿನಗೂಲಿಯವಳಿಗೂ ಸಲ್ಲತಕ್ಕದ್ದೆಂದು ಸುಪ್ರೀಂ ಕೋರ್ಟು 2000ದಲ್ಲಿಯೇ ಹೇಳಿತು. ಹಿಂದಿನ ಹನ್ನೆರಡು ತಿಂಗಳಲ್ಲಿ 80 ದಿನ ದುಡಿದವಳಿಗೆ ಮೊದಲ ಎರಡು ಮಕ್ಕಳ ಹೆರಿಗೆಗೆ 26 ವಾರಗಳ ಸಂಬಳಸಹಿತ ರಜೆಯುಂಟು.

ಗುತ್ತಿಗೆಯ ಕೆಲಸವು ಕೀಳಾದದ್ದೆಂದು ನಾವು ಹೇಳುವುದಿಲ್ಲ. ಅಲ್ಲಿ ಕಲಿತ ವಿದ್ಯೆಯಿಂದಲೇ ನಮ್ಮಲ್ಲಿಬ್ಬರು ಈಗ ಬೇರೆ ಕಡೆ ಖಾಯಂ ಉದ್ಯೋಗದಲ್ಲಿದ್ದೇವೆ. ಆದರೆ ಅರಿಯದೆ ಒಪ್ಪಿಕೊಳ್ಳುವುದು ಒಳ್ಳೇದಲ್ಲ. ಆದಕಾರಣ ತಾಯಿತಂದೆಗಳಲ್ಲಿ ನಮ್ಮ ಅರಿಕೆಯೇನಂದರೆ, ಸಂಬಳವೆಷ್ಟೆಂದು ಕೇಳುವುದರೊಂದಿಗೆ ನೇಮಕದ ಪತ್ರದಲ್ಲಿರುವ ಹೆಸರು ಯಾರದು, ಬಿಡಿಸುವ ಮುಂಚೆ ಎಷ್ಟು ದಿನದ ತಿಳುವಳಿಕೆ ಕೊಡುವರು, ಸಂಬಳದಲ್ಲಿ ಮುರಿದ ಪ್ರಾವಿಡೆಂಟ್ ಫಂಡಿನ ಹಣವು ಅವಳ ಖಾತೆಗೆ ಜಮೆಯಾಗುತ್ತಿದೆಯೋ ಎಂಬುದನ್ನೂ ವಿಚಾರಿಸಿರಿ. ಆ ಸಂಬಳದ ಮೇಲೆ ದೀರ್ಘಕಾಲದ ಸಾಲ ಮಾಡುವ ಮುಂಚೆ ಮಗಳೊಡನೆ ಕೂತು ಮಾತಾಡಿರಿ. ಬ್ಯಾಂಕುಗಳಲ್ಲಿ ಖಾಯಂ ಹುದ್ದೆಯಲ್ಲಿರುವ ನಮ್ಮ ಸೋದರಿಯರೇ, ನಿಮ್ಮ ಪಕ್ಕದ ಮೇಜಿನಲ್ಲಿ ಬೇರೆ ಬಣ್ಣದ ಪಟ್ಟಿ ಹಾಕಿಕೊಂಡ ಹುಡುಗಿಯೊಬ್ಬಳು ಕೂತಿರಬಹುದು. ಅವಳನ್ನು ಹೆಸರು ಹಿಡಿದು ಕರೆಯಿರಿ. ಊಟದ ಹೊತ್ತಿಗೆ ಜೊತೆಯಲ್ಲಿ ಕೂಡಿಸಿಕೊಳ್ಳಿರಿ.