ಹಂದಿಯ ಮೇವು, ಬಡವರ ಬುತ್ತಿ

ಮೂರು ವರ್ಷಗಳಿಗೊಮ್ಮೆ ತಪಸ್ಸುಕಾಲದ ನಾಲ್ಕನೆಯ ಭಾನುವಾರ ನಮ್ಮ ದೇವಾಲಯಗಳಲ್ಲಿ ದುಂದುಗಾರ ಮಗನ ಸಾಮತಿಯನ್ನು ಓದಲಾಗುತ್ತದೆ. ಆಸ್ತಿಯನ್ನೆಲ್ಲ ಕರಗಿಸಿ, ಬರಗಾಲದಲ್ಲಿ ಹಂದಿ ಕಾಯಲು ನಿಂತ ಆ ಯುವಕನು ಹಂದಿಗಳ ಮೇವಿನಿಂದಲಾದರೂ ಹೊಟ್ಟೆ ತುಂಬಿಸಿಕೊಳ್ಳಲು ಹಂಬಲಿಸಿದನೆಂದು ಸಂತ ಲೂಕರು ತಿಳಿಸುತ್ತಾರೆ. ಆ ಮೇವು ಯಾವುದು? ಕಳಸ, ಮೂಡಿಗೆರೆಯ ತೋಟಗಳ ನಡುವೆ ಇದನ್ನು ಆಲಿಸುವ ನಾವು ಹೊಟ್ಟು, ತೌಡು ಎಂದೇ ಭಾವಿಸಿರುತ್ತೇವೆ.

ಗ್ರೀಕ್ ಮೂಲದಲ್ಲಿರುವ ಪದ ‘ಕೆರಾಟಿಯಾ’. ಪುಟ್ಟ ಕೊಂಬುಗಳು ಎಂದರ್ಥ. ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಒಣನೆಲದಲ್ಲಿ ಬೆಳೆಯುವ ಕ್ಯಾರೋಬ್ ಮರದ, ಹುಣಸೆಯಂತೆ ಬಾಗಿದ ಕಂದು ಕಾಯಿ ಇದು. ರುಚಿ ಮಾತ್ರ ಸಿಹಿ. ಒಣಗಿದ ತಿರುಳಿನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಸಕ್ಕರೆಯೇ. ಪುಡಿ ಮಾಡಿದರೆ ಕೋಕೋಗೆ ಬದಲಿ, ಹುರಿದರೆ ಕಾಫಿಗೆ ಬದಲಿ. (ಕಾಫಿಸೀಮೆಯ ಓದುಗರು ಈ ಮಾತಿಗೆ ನಕ್ಕಾರು!) ಬೀಜದ ಅಂಟು ಐಸ್‌ಕ್ರೀಮನ್ನು ಗಟ್ಟಿಗೊಳಿಸುತ್ತದೆ, ನಮ್ಮ ಗೋರಿಕಾಯಿ ಬೀಜದ ಅಂಟೂ ಅದೇ ಬಗೆಯದು. ರತ್ನಗಳನ್ನು ತೂಗುವ, 200 ಮಿಲಿಗ್ರಾಂನ ‘ಕ್ಯಾರಟ್’ ಎಂಬ ಅಳತೆಗೂ ಹೆಸರು ಬಂದುದು ಈ ಬೀಜದಿಂದಲೇ. ಮರಳುಗಾಡಿನಲ್ಲಿ ಸ್ನಾನಿಕ ಯೊವಾನ್ನರು ತಿಂದದ್ದು ಮಿಡತೆಯಲ್ಲ, ಈ ಕಾಯಿ ಎಂಬ ನಂಬಿಕೆಯಿಂದ ‘ಸಂತ ಯೊವಾನ್ನರ ರೊಟ್ಟಿ’ ಎಂದೂ ಇದನ್ನು ಕರೆಯುತ್ತಾರೆ. ದನ, ಕುದುರೆ, ಹಂದಿಗಳಿಗೆ ಇಂದಿಗೂ ಇದು ಮೇವು.

ಕುದುರೆಮುಖದ ತಪ್ಪಲಿನ ಮಳೆಗೆ ಈ ಮರ ಒಗ್ಗದು. ಆದರೆ ಮನುಷ್ಯನಿಗೂ ಪಶುವಿಗೂ ಒಂದೇ ಕೊಂಬೆಯಿಂದ ಬಡಿಸುವ ಮರ ನಮ್ಮಲ್ಲಿಯೂ ಉಂಟು. ಕಾಫಿಗೆ ನೆರಳಾಗಿ ನಿಂತಿರುವ ಹಲಸು. ಕರಾವಳಿಯಿಂದ ಘಟ್ಟ ಹತ್ತಿ ತೋಟಗಳಿಗೆ ಬಂದ ನಮ್ಮ ಹಿರಿಯರಿಗೆ ಮಳೆಗಾಲದ ಅರೆಹೊಟ್ಟೆಯ ದಿನಗಳಲ್ಲಿ ಇದೇ ಆಧಾರ. ಮಾಂಸ ತ್ಯಜಿಸುವ ತಪಸ್ಸುಕಾಲದ ಶುಕ್ರವಾರಗಳಿಗೆ ಗುಜ್ಜೆಯ ಪಲ್ಯ; ಜೂನ್ 24ರ ಸಂತ ಯೊವಾನ್ನರ ಹಬ್ಬದ ಹೊತ್ತಿಗೆ ಹಣ್ಣು, ಕಡುಬು, ಹಪ್ಪಳ; ಬಳಿಕ ಕೂಡಿಟ್ಟ ಬೀಜದ ಸಾರು. ಸಿಪ್ಪೆ ಹಸುವಿಗೆ, ಗೂಂಜು ಹಂದಿಗೂಡಿಗೆ. ಒಂದು ಎಚ್ಚರಿಕೆ ಅಗತ್ಯ. ಕಳಿತ ಹಣ್ಣನ್ನು ಹಸು ಮಿತಿಮೀರಿ ತಿಂದರೆ ಹೊಟ್ಟೆಯಲ್ಲಿ ಆಮ್ಲವೇರಿ ಮೇವು ಬಿಡುತ್ತದೆ, ಪ್ರಾಣಕ್ಕೂ ಅಪಾಯ. ಅಂತಹ ಹಸುವಿಗೆ ಮನೆಮದ್ದು ಮಾಡುತ್ತ ಕೂರದೆ ಪಶುವೈದ್ಯರನ್ನು ಕರೆಯಬೇಕು.

ಈಗ ಆ ಹಲಸಿಗೇ ಕಷ್ಟ ಬಂದಿದೆ. ಮೂಡಿಗೆರೆಯ ಕಡೆ ಕಾಡಾನೆಗಳು ತೋಟಕ್ಕೆ ನುಗ್ಗುತ್ತಿದ್ದು, ಹಣ್ಣಿನ ವಾಸನೆ ಅವುಗಳನ್ನು ಸೆಳೆಯುತ್ತದೆ. ಮುಂಜಾನೆ ಕೆಲಸಕ್ಕೆ ಹೊರಡುವ ಕೂಲಿಯಾಳುಗಳ ಜೀವದ ಪ್ರಶ್ನೆ ಇದು. ಆದ್ದರಿಂದ ಎಳೆಗಾಯಿಯನ್ನೇ ಕಿತ್ತು ಹೊಂಡಕ್ಕೆ ಎಸೆಯುವವರನ್ನು, ಮರವನ್ನೇ ಕಡಿಸುವವರನ್ನು ನಾವು ಸುಲಭವಾಗಿ ದೂರಲಾರೆವು. ಕೀಳುವುದು ಸರಿಯೇ, ಎಸೆಯುವುದೇಕೆ? ಗುಜ್ಜೆಯ ಕಾಲವೂ ತಪಸ್ಸುಕಾಲವೂ ಹೆಚ್ಚುಕಡಿಮೆ ಒಂದೇ. ಭಾನುವಾರದ ಬಲಿಪೂಜೆಯ ಬಳಿಕ ದೇವಾಲಯದ ಅಂಗಳದಲ್ಲಿ ಗುಜ್ಜೆಯ ರಾಶಿ ಹಾಕಿ, ತೋಟದ ಲೈನುಮನೆಗಳಿಗೆ ಹಂಚಬಹುದಲ್ಲವೇ? ಹೆಚ್ಚುವಾಗ ಮೇಣ ಅಂಟದಂತೆ ಕೈಗೂ ಕತ್ತಿಗೂ ಕೊಬ್ಬರಿ ಎಣ್ಣೆ ಸವರಿಕೊಂಡರಾಯಿತು.