ಸಿಪಾಯಿಯ ತೋಟಾಪೆಟ್ಟಿಗೆ

ಹಳೆಯ ನಾಣ್ಯಗಳನ್ನೂ ಅಂಚೆಯ ಚೀಟಿಗಳನ್ನೂ ಕೂಡಿಹಾಕುವವರು ನಮ್ಮಲ್ಲಿ ಅನೇಕರುಂಟು. ಆದರೆ ಹಿಂದಿನ ಸಿಪಾಯಿಗಳ ಸೊಂಟಪಟ್ಟಿಗಳನ್ನೂ, ತೋಟಾಗಳನ್ನಿಡುವ ಚರ್ಮದ ಪೆಟ್ಟಿಗೆಗಳನ್ನೂ ಅರಸಿ ತಂದು ಕಾಪಾಡುವವರೂ ಇರುವರೆಂದರೆ ಕೆಲವು ವಾಚಕರಿಗೆ ವಿಚಿತ್ರವಾಗಿ ತೋರಬಹುದು. ಖಡ್ಗದ ಹೊಳಪಾಗಲಿ ಬಂದೂಕಿನ ಗಾಂಭೀರ್ಯವಾಗಲಿ ಇವಕ್ಕಿಲ್ಲ. ಆದರೂ ರಣರಂಗದಲ್ಲಿ ಸಿಪಾಯಿಯ ಪ್ರಾಣವು ಇವನ್ನೇ ನಂಬಿಕೊಂಡಿತ್ತು.

ತೋಟಾ ಎಂದರೆ ಆ ಕಾಲದಲ್ಲಿ ಮದ್ದನ್ನೂ ಗುಂಡನ್ನೂ ಒಳಗಿಟ್ಟು ಸುತ್ತಿದ ಕಾಗದದ ಸುರುಳಿ. ಅದರ ತುದಿಯನ್ನು ಹಲ್ಲಿನಿಂದ ಹರಿದು ಮದ್ದನ್ನು ನಳಿಗೆಯೊಳಕ್ಕೆ ಸುರಿಯಬೇಕಾಗಿತ್ತು. 1857ರಲ್ಲಿ ನಮ್ಮ ದೇಶದ ಸಿಪಾಯಿಗಳನ್ನು ಕೆರಳಿಸಿದುದು ಇಂಥ ತೋಟಾಗಳಿಗೆ ಸವರಿದ ಕೊಬ್ಬಿನ ಸುದ್ದಿಯೆಂಬುದು ಎಲ್ಲರಿಗೂ ತಿಳಿದ ಮಾತು. ಕಾಗದದ ತೋಟಾ ನೀರು ತಗುಲಿದರೆ ಕೆಡುವುದು, ಕಿಡಿ ಬಿದ್ದರೆ ಹೊತ್ತುವುದು. ಆದುದರಿಂದಲೇ ದಪ್ಪ ಚರ್ಮದ ಪೆಟ್ಟಿಗೆಯು ಅವಶ್ಯವಾಯಿತು.

ಸಂಗ್ರಾಹಕರು ಬಹಳವಾಗಿ ಅರಸುವುದು ಅಮೇರಿಕದಲ್ಲಿ 1861ರಿಂದ 1865ರ ವರೆಗೆ ನಡೆದ ಅಂತರ್ಯುದ್ಧದ ಪೆಟ್ಟಿಗೆಗಳನ್ನು. ಉತ್ತರ ಪಕ್ಷದ ಕಾಲಾಳಿನ ಪೆಟ್ಟಿಗೆಯೊಳಗೆ ತಗಡಿನ ಎರಡು ಡಬ್ಬಿಗಳಿದ್ದು, ಒಟ್ಟು 40 ತೋಟಾಗಳು ಹಿಡಿಯುತ್ತಿದ್ದುವು. ಅರ್ಧ ಮೇಲೆ, ಕೈಗೆ ಎಟುಕುವಂತೆ; ಉಳಿದರ್ಧ ಕೆಳಗೆ ಕಟ್ಟುಕಟ್ಟಾಗಿ. ಮೇಲಿನವು ತೀರಿದರೆ ಗುಂಡಿನ ಮಳೆಯ ನಡುವೆಯೇ ಡಬ್ಬಿಯನ್ನು ಹೊರಕ್ಕೆಳೆದು ಕೆಳಗಿನವನ್ನು ತೆಗೆಯಬೇಕು! ನಿನ್ನ ದಳದ ಲಾಂಛನವೆಲ್ಲಿ ಎಂದು ಕೇಳಿದಾಗ ಸಾಮಾನ್ಯ ಸಿಪಾಯಿಯೊಬ್ಬನು ತನ್ನ ತೋಟಾಪೆಟ್ಟಿಗೆಯನ್ನೇ ತಟ್ಟಿ ತೋರಿಸಿದನೆಂದು ಹೇಳುವರು. ಅಂತೂ 1865ರಲ್ಲಿ ಸೇನಾಪತಿ ಲೋಗನರು ಅದೇ ಪೆಟ್ಟಿಗೆಯ ಆಕಾರವನ್ನು, ‘ನಲವತ್ತು ತೋಟಾ’ ಎಂಬ ಅರ್ಥದ ಮಾತಿನೊಡನೆ, ತಮ್ಮ 15ನೆಯ ದಳಕ್ಕೆ ಲಾಂಛನವನ್ನಾಗಿ ಮಾಡಿದರು.

ಮುಂದೆ ಹಿತ್ತಾಳೆಯ ತೋಟಾಗಳು ಬಂದುವು. ಅದೇ ದೇಶದ ಸೈನ್ಯಾಧಿಕಾರಿ ಆನ್ಸನ್ ಮಿಲ್ಸ್ ಎಂಬವರು ಅವನ್ನು ಸಿಕ್ಕಿಸುವ ಕುಣಿಕೆಗಳುಳ್ಳ ಸೊಂಟಪಟ್ಟಿಗೆ 1867ರಲ್ಲಿ ಪೇಟೆಂಟನ್ನು ಪಡೆದರು. ಆದರೆ ಚರ್ಮವನ್ನು ಹದಮಾಡಿದ ಆಮ್ಲವೂ ಕೊಬ್ಬೂ ಹಿತ್ತಾಳೆಯಲ್ಲಿನ ತಾಮ್ರದೊಡನೆ ಕೂಡಿ ಹಸಿರು ಕಿಲುಬಾಗಿ, ತೋಟಾವು ಕುಣಿಕೆಗೆ ಅಂಟಿಕೊಳ್ಳುತ್ತಿದ್ದಿತು. ಆದಕಾರಣ ಮಿಲ್ಸರು ಮುಂದೆ ಪಟ್ಟಿಯನ್ನೂ ಕುಣಿಕೆಗಳನ್ನೂ ನೂಲಿನಿಂದ ಒಟ್ಟಿಗೆ ಮಗ್ಗದಲ್ಲಿಯೇ ನೆಯ್ಯಿಸುವ ಉಪಾಯವನ್ನು ಕಂಡುಹಿಡಿದರು. ಬ್ರಿಟಿಷ್ ಸೈನ್ಯವು 1908ರಲ್ಲಿ ಅಂಗೀಕರಿಸಿದ ನೂಲಿನ ಸಜ್ಜಿನಲ್ಲಿ 10 ಚೀಲಗಳಿದ್ದು, 150 ತೋಟಾಗಳು ಹಿಡಿಯುತ್ತಿದ್ದುವು.

ಇನ್ನು ಇವನ್ನು ಕಾಪಾಡುವ ಬಗೆ. ಇದರಲ್ಲಿ ನಾವೇ ಒಮ್ಮೆ ಮೋಸಹೋದೆವು. ಬಂಧುಗಳ ಮನೆಯ ಅಟ್ಟದಲ್ಲಿ ದೊರೆತ ಹಳೆಯ ಚರ್ಮದ ಪಟ್ಟಿಯೊಂದಕ್ಕೆ ಹರಳೆಣ್ಣೆಯನ್ನು ಧಾರಾಳವಾಗಿ ಸವರಿ, ಅದರ ಹಿತ್ತಾಳೆಯ ಬಿಲ್ಲೆಯನ್ನು ಹುಣಿಸೆಯ ಹಣ್ಣಿನಿಂದ ತಿಕ್ಕಿ ಬೆಳಗಿದೆವು. ಪಟ್ಟಿಯು ಹೊಸದರಂತೆ ಮಿರುಗಿತು. ಆದರೆ ಒಳಮೈಯಲ್ಲಿ ಯಾರೋ ಸಿಪಾಯಿಯು ಶಾಯಿಯಿಂದ ಬರೆದಿದ್ದ ತನ್ನ ಅಂಕೆಯು ಕಪ್ಪಾದ ಚರ್ಮದಲ್ಲಿ ಮುಳುಗಿಹೋಯಿತು. ಅದನ್ನು ಮೊದಲೇ ಬರೆದಿಟ್ಟುಕೊಳ್ಳುವ ಬುದ್ಧಿಯು ನಮಗೆ ಬಂದಿರಲಿಲ್ಲ. ಅವನು ಯಾರೆಂದು ತಿಳಿಯಲು ಉಳಿದಿದ್ದ ಒಂದೇ ಗುರುತನ್ನು ನಾವು ಕೈಯಾರೆ ಅಳಿಸಿದೆವು.

ಆದುದರಿಂದ ಎಣ್ಣೆ ಬೇಡ, ಪಾಲಿಷ್ ಬೇಡ. ಮೆತ್ತನೆಯ ಕುಂಚದಿಂದ ಧೂಳನ್ನು ತೆಗೆದು, ಆಮ್ಲವಿಲ್ಲದ ಕಾಗದವನ್ನು ಪೆಟ್ಟಿಗೆಯೊಳಗೆ ತುಂಬಿ, ಮಳೆಗಾಲದಲ್ಲಿ ಬೂಷ್ಟು ಹಿಡಿಯದಂತೆ ಗಾಳಿಯಾಡುವೆಡೆಯಲ್ಲಿಡಬೇಕು. ಮುಟ್ಟಿದರೆ ಕೆಂಪು ಹುಡಿಯುದುರುವ ಚರ್ಮವನ್ನು ಬಗ್ಗಿಸಲಾಗದು. ಮದ್ದಿರುವ ತೋಟಾ ಸಿಕ್ಕಿದರೆ, ಅದೆಷ್ಟೇ ಹಳೆಯದಾಗಿರಲಿ, ಮುಟ್ಟದೆ ಪೋಲೀಸರಿಗೆ ತಿಳಿಸತಕ್ಕದ್ದು. ಪರವಾನೆಯಿಲ್ಲದೆ ಅದನ್ನಿಟ್ಟುಕೊಳ್ಳುವುದು 1959ರ ಆಯುಧ ಕಾಯಿದೆಗೆ ವಿರುದ್ಧ, ಮನೆಯ ಮಕ್ಕಳಿಗೂ ಅಪಾಯ.

ಸವೆದ ಅಂಚು, ಮಾಸಿದ ಅಕ್ಷರ, ಹರಿದ ಹೊಲಿಗೆ ಇವು ಕೊರತೆಗಳಲ್ಲ. ಹೆಸರಿಲ್ಲದೆ ಹೋದ ಸಿಪಾಯಿಯು ಬಿಟ್ಟುಹೋದ ಬರಹವೇ ಅವು. ಅದನ್ನು ಅಳಿಸದೆ ಮುಂದಿನವರಿಗೆ ಒಪ್ಪಿಸುವುದಷ್ಟೇ ನಮ್ಮ ಪಾಲಿನ ಕೆಲಸ.